ತಿರುಗಿ ನೋಡುವ ಕೆಲಸ

ನಮ್ಮ ಮನೆಗೆ ಯಾವ ವಸ್ತುವೂ ಒಂದೇ ದಿನಕ್ಕೆ ಬಂದದ್ದಿಲ್ಲ. ಕಂದೀಲಿನ ಗಾಜು ಒಡೆದರೆ ಹೊಸದು ಬರುವುದಕ್ಕೆ ಒಂದು ಪೂರಾ ಮಳೆಗಾಲ ಹಿಡಿಯುತ್ತಿತ್ತು. ಗೋಕಾಕದ ಪೇಟೆಯಲ್ಲಿ ಗಾಜು ಸಿಗುತ್ತಿರಲಿಲ್ಲ ಅಂತಲ್ಲ, ಮನೆಯಲ್ಲಿ ರೊಕ್ಕ ಇರಲಿಲ್ಲ ಅಂತಲೂ ಅಲ್ಲ. ತುಕ್ಕಾನಟ್ಟಿಯಲ್ಲಿ ಉಣ್ಣಲು ಉಡಲು ಕೊರತೆಯಿಲ್ಲದ ಮನೆಗಳಲ್ಲಿ ನಮ್ಮದೂ ಒಂದು. ಗಾಜಿನ ದರ ಇನ್ನೂ ಬಗೆಹರಿದಿರಲಿಲ್ಲ, ಅಷ್ಟೇ. ಅದು ಬಗೆಹರಿಯುವ ತನಕ ನಾವು ಒಡಕು ಗಾಜಿಗೆ ಕಾಗದ ಅಂಟಿಸಿದ ಕಂದೀಲಿನ ಸುತ್ತ, ಒಬ್ಬರ ತಾಟು ಬೆಳಕಿನಲ್ಲಿ ಇನ್ನೊಬ್ಬರ ತಾಟು ಕತ್ತಲಲ್ಲಿ ಇಟ್ಟುಕೊಂಡು ಉಣ್ಣುತ್ತಿದ್ದೆವು. ಪಡಸಾಲೆಗೆ ಹಾಸುವ ಜಮಖಾನೆ, ಅಪ್ಪನ ಕೊಡೆ, ಬಾವಿಯ ಹಗ್ಗ, ಎಲ್ಲವೂ ಒಂದಿಲ್ಲೊಂದು ಅಂಗಡಿಯಲ್ಲಿ ಅರ್ಧ ಮಾತಾಗಿ ನಿಂತಿರುತ್ತಿದ್ದವು. ಕ್ಷೌರದ ನಾಗಪ್ಪನ ಜೊತೆ ಮಾತು ಮುಗಿಯದೆ ಅಪ್ಪ ಒಮ್ಮೆ ಗಡ್ಡ ಬಿಟ್ಟುಕೊಂಡೇ ಮದುವೆಯೊಂದಕ್ಕೆ ಹೋಗಿ ಬಂದಿದ್ದರು. ಹೆಣ್ಣಿನ ಕಡೆಯವರು ಅವರನ್ನು ಯಾರೋ ಸ್ವಾಮಿಗಳೆಂದು ತಿಳಿದು ಮೊದಲ ಪಂಕ್ತಿಯಲ್ಲಿ ಕೂಡಿಸಿದರಂತೆ.

ಇದಕ್ಕೆಲ್ಲ ಕಾರಣ ನಮ್ಮ ಆಯಿ, ಅಂದರೆ ಅಪ್ಪನ ತಾಯಿ. ಆಕೆಯನ್ನು ಜಿಪುಣಿ ಅಂದರೆ ತಪ್ಪಾದೀತು. ಬಾಗಿಲಿಗೆ ಬಂದ ಜಂಗಮರನ್ನಾಗಲಿ, ದಾರಿಹೋಕರನ್ನಾಗಲಿ ರೊಟ್ಟಿ ತಿನ್ನಿಸದೆ ಕಳಿಸಿದವಳಲ್ಲ. ಆದರೆ ಕೊಳ್ಳುವ ಮಾತು ಬಂತೋ, ಆಕೆ ಬೇರೆಯದೇ ಹೆಂಗಸಾಗುತ್ತಿದ್ದಳು.

"ಅವ ಹೇಳಿದ ಮೊದಲನೇ ದರಕ್ಕ ಹೂಂ ಅಂದಿ ಅಂದ್ರ, ನಮ್ಮ ಮನ್ಯಾಗ ಬುದ್ಧಿ ಇದ್ದವರು ಯಾರೂ ಇಲ್ಲ ಅಂತ ಬರದು ಕೊಟ್ಟಂಗ" ಅನ್ನುತ್ತಿದ್ದಳು.

ಆಕೆಯ ಚೌಕಾಸಿಗೆ ಒಂದು ಪದ್ಧತಿ ಇತ್ತು. ಅಂಗಡಿಗೆ ಹೋದ ಕೂಡಲೇ ಬೇಕಾದ ವಸ್ತುವಿನ ಹೆಸರೆತ್ತುತ್ತಿರಲಿಲ್ಲ. ಶೆಟ್ಟರ ಹೆಂಡತಿಯ ಮೊಣಕಾಲು ನೋವು, ಮಗನ ಸಾಲಿ, ಘಟಪ್ರಭೆಗೆ ಬಂದ ನೀರು, ಇವೆಲ್ಲ ಮುಗಿದ ಮೇಲೆ, ಎದ್ದು ಹೊರಡುವವಳ ಹಾಗೆ ಮಾಡಿ, "ಅದೇನ್ರಿ ಅದು, ಖಣಾನ?" ಅನ್ನುತ್ತಿದ್ದಳು. ಕುಬಸದ ಖಣ ಕೊಳ್ಳುವುದಕ್ಕೆಂದೇ ತುಕ್ಕಾನಟ್ಟಿಯಿಂದ ಮೋಟಾರು ಹತ್ತಿ ಬಂದವಳು! ಆಮೇಲೆ ಖಣದ ಅಂಚು ಸರಿಯಿಲ್ಲ, ಬಣ್ಣ ಬಿಸಿಲಿಗೆ ತಡೆಯದು, ಇದರ ತಂಗಿಯಂಥ ಖಣ ಮುಂದಿನ ಅಂಗಡಿಯಲ್ಲಿದೆ. ಶೆಟ್ಟರು ಹೇಳಿದ್ದರಲ್ಲಿ ಅರ್ಧ ದರ ಕೇಳಿ, ಅವರು ಹಣೆ ಗಟ್ಟಿಸಿಕೊಂಡ ಮೇಲೆ, ಸೆರಗು ಕೊಡವಿ ಎದ್ದು ನಡೆದುಬಿಡುತ್ತಿದ್ದಳು. ನನ್ನ ಕೆಲಸ ಅಲ್ಲಿ ಶುರುವಾಗುತ್ತಿತ್ತು.

ಎದ್ದು ಹೋಗುವವರು ತಿರುಗಿ ನೋಡಬಾರದು. ನೋಡಿದರೆ ಸೋತ ಹಾಗೆ. ಆದರೆ ಅಂಗಡಿಯವನ ಮುಖ ನೋಡದೆ ಎಷ್ಟು ದೂರ ನಡೆಯಬೇಕೆಂದು ತಿಳಿಯುವುದು ಹೇಗೆ? ಅದಕ್ಕೆ ಆಯಿ ಕಂಡುಹಿಡಿದ ಉಪಾಯ ನಾನು. ಹುಡುಗರು ತಿರುಗಿ ನೋಡಿದರೆ ಲೆಕ್ಕಕ್ಕಿಲ್ಲ. ಹುಡುಗರು ಎಲ್ಲಾ ಕಡೆಗೂ ನೋಡುತ್ತಾರೆ. ಹಾಗಾಗಿ ನಾನು ಆಕೆಯ ಕಿರುಬೆರಳು ಹಿಡಿದು, ಕುತ್ತಿಗೆ ಹಿಂದಕ್ಕೆ ಹೊರಳಿಸಿ, ಗೋಕಾಕದ ಪೇಟೆಯ ತುಂಬ ಎಡವುತ್ತ ನಡೆಯುತ್ತಿದ್ದೆ.

"ಏನ ಮಾಡಾಕತ್ತಾನ?"

"ಖಣ ಮಡಚಾಕತ್ತಾನ, ಆಯಿ."

"ಗಡಬಡಸಿ ಮಡಚಾಕತ್ತಾನೋ, ಸಾವಕಾಶೋ?"

"ಸಾವಕಾಶ."

"ನಮ್ಮ ಕಡೆ ನೋಡಾಕತ್ತಾನೇನು?"

"ಇಲ್ಲ. ಮ್ಯಾಲೆ ಛತ್ ನೋಡಾಕತ್ತಾನ."

"ಹಂಗಾರ ಕರೀತಾನ. ಹೆಜ್ಜಿ ಸಣ್ಣವು ಮಾಡು."

ಕರೆಯುತ್ತಿದ್ದ. ಇದರಲ್ಲಿಯೂ ಕಾನೂನುಗಳಿದ್ದವು. ಅಂಗಡಿಯವನು ನಮ್ಮನ್ನೇ ನೋಡುತ್ತಿದ್ದರೆ ಇನ್ನೂ ಹೊತ್ತು ಬೇಕು. ನೋಡದೆ ಬೇರೇನೋ ಕೆಲಸ ಹಚ್ಚಿಕೊಂಡರೆ ಅವನ ಮನಸ್ಸು ನಮ್ಮ ಬೆನ್ನ ಹಿಂದೆಯೇ ಬರುತ್ತಿದೆ ಎಂದರ್ಥ. ಎದ್ದು ಒಳಗೆ ಹೋದನೋ, ವ್ಯಾಪಾರ ಸತ್ತಿತು. ಕೂಗುವುದರಲ್ಲಿಯೂ ಮೊದಲನೆಯದು ಬರೀ ಮರ್ಯಾದೆಗೆ, ಎರಡನೆಯದು ನಮ್ಮ ಬಿಗಿ ಪರೀಕ್ಷಿಸುವುದಕ್ಕೆ. ದರ ಹೇಳಿ ಕೂಗುತ್ತಾನಲ್ಲ, ಅದೇ ಖರೆ ಕರೆ, ಅದಕ್ಕೇ ನಿಲ್ಲಬೇಕು. ನಿಂತು, ತಿರುಗಿ ಬಂದು, ದರ ಬಗೆಹರಿದ ಮೇಲೆ ಕೊಸರು ಕೇಳಬೇಕು. ಅಳೆದ ಜೋಳದ ಮೇಲೆ ಒಂದು ಬೊಗಸೆ, ಕಟ್ಟಿದ ಮೆಣಸಿನಕಾಯಿಯ ಮೇಲೆ ಒಂದು ಹಿಡಿ, ಖಣದ ಜೊತೆ ಒಂದು ತುಂಡು ದಾರ. ಏನಾದರೂ ಸರಿ. ಕೊಸರಿನ ವಿಷಯದಲ್ಲಿ ಮಾತ್ರ ಆಯಿಯ ದನಿ ಮೆತ್ತಗಾಗುತ್ತಿತ್ತು.

"ದರ ಅಂದ್ರ ನಾವು ಅವನ ಬಾಯಿಂದ ಕಸಗೊಂಡದ್ದು. ಕೊಸರ ಅಂದ್ರ ಅವ ಮನಸಿನಿಂದ ಕೊಟ್ಟದ್ದು. ಅದಕ್ಕ ರೊಕ್ಕ ಹಿಡಿಯಾಂಗಿಲ್ಲ."

ಕೇಳುವುದಕ್ಕೆ ಚೆಂದ. ಆ ಕುತ್ತಿಗೆ ನೋವು ನನಗೆ ಗೊತ್ತು. ಗೋಕಾಕದಲ್ಲಿ ಕರದಂಟಿನ ಅಂಗಡಿಗಳ ಸಾಲೇ ಇತ್ತು. ಆ ತುಪ್ಪದ ವಾಸನೆಗೆ ನನ್ನ ಕಾಲು ತಾನಾಗಿ ನಿಲ್ಲುತ್ತಿತ್ತು. ಆಯಿ ಪ್ರತಿ ಅಂಗಡಿಯಲ್ಲಿಯೂ ರುಚಿ ನೋಡಲು ಒಂದು ಚೂರು ಇಸಿದುಕೊಂಡು ನನ್ನ ಬಾಯಿಗೆ ಹಾಕಿ, "ಅಂಟ ಕಡಿಮಿ ಆಗೇತಿ" ಎಂದೋ "ಬೆಲ್ಲ ಹತ್ತೇತಿ" ಎಂದೋ ತೀರ್ಪು ಹೇಳಿ ಎದ್ದುಬಿಡುತ್ತಿದ್ದಳು. ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ನನ್ನ ಹೊಟ್ಟೆಗೆ ಒಂದು ಉಂಡೆಯಷ್ಟು ಹೋಗಿರುತ್ತಿತ್ತು, ಕೈಯಲ್ಲಿ ಮಾತ್ರ ಏನೂ ಇರುತ್ತಿರಲಿಲ್ಲ. ಕಾಗದದಲ್ಲಿ ಸುತ್ತಿದ ಒಂದು ಇಡೀ ಕರದಂಟಿನ ಉಂಡೆ ಕೈಯಲ್ಲಿ ಹಿಡಿಯುವ ಆಸೆ ನನಗೆ ಮದುವೆಯಾಗುವ ತನಕವೂ ಉಳಿಯಿತು.

ಅವ್ವ ಇದಕ್ಕೆ ಪೂರಾ ತದ್ವಿರುದ್ಧ. ಆಕೆ ಹುಕ್ಕೇರಿಯವಳು. ಆಕೆಯ ತವರಿನಲ್ಲಿ ಬೆಲೆ ಕೇಳುತ್ತಿದ್ದರು, ಕೊಡುತ್ತಿದ್ದರು, ಮನೆಗೆ ಬರುತ್ತಿದ್ದರು. ಲಗ್ನವಾದ ಹೊಸದರಲ್ಲಿ ಅವ್ವ ಒಮ್ಮೆ ಬಾಗಿಲಿಗೆ ಬಂದ ಬದನೆಕಾಯಿಯವಳಿಗೆ ಅವಳು ಹೇಳಿದ ದರವನ್ನೇ ಕೊಟ್ಟುಬಿಟ್ಟಳಂತೆ. ಬದನೆಕಾಯಿಯವಳೇ ಗಾಬರಿಯಾಗಿ, "ಖರೇನೇನವಾ?" ಅಂದಳಂತೆ. ಅಂದಿನಿಂದ ಅವ್ವನ ಕೈಗೆ ಆಯಿ ಒಂದು ಪೈಸೆ ಕೊಡಲಿಲ್ಲ. ಆಕೆಯನ್ನು ಹೆಸರು ಹಿಡಿದು ಕರೆದದ್ದನ್ನೂ ನಾನು ಕೇಳಿರಲಿಲ್ಲ. 'ಏ ಹುಡುಗಿ' ಅಂದರೆ ಅವ್ವ, 'ಏ ಪಾರಿ' ಅಂದರೆ ನಾನು. ಅಪ್ಪನಂತೂ ಇಬ್ಬರ ನಡುವೆ ಮಾತು ಏರಿತೆಂದರೆ ಬಾರುಕೋಲು ಹುಡುಕತೊಡಗುತ್ತಿದ್ದರು. ಎತ್ತುಗಳಿಗೆ ಅವರಷ್ಟು ಹೊತ್ತು ನೀರು ತೋರಿಸಿದ ಗಂಡಸು ನಮ್ಮ ಊರಲ್ಲಿ ಇನ್ನೊಬ್ಬನಿರಲಿಲ್ಲ.

ಈಗಿನ ಸ್ಟೀಲಿನ ಕಾಲದವರಿಗೆ ಕಲಾಯಿ ಅಂದರೇನೆಂದು ಹೇಳಬೇಕು. ಆಗ ಅಡುಗೆಯೆಲ್ಲ ಹಿತ್ತಾಳೆ, ತಾಮ್ರದ ಪಾತ್ರೆಗಳಲ್ಲಿ. ಅವುಗಳ ಒಳಮೈಗೆ ತವರದ ಬಿಳಿ ಲೇಪ ಹಾಕಿಸಬೇಕು. ಅದೇ ಕಲಾಯಿ. ಲೇಪ ಸವೆದುಹೋದ ಪಾತ್ರೆಯಲ್ಲಿ ಹುಳಿ ಪದಾರ್ಥ ಮಾಡಿದರೆ ಕಿಲುಬು ಏಳುತ್ತದೆ, ಉಂಡವರ ಹೊಟ್ಟೆ ಕೆಡುತ್ತದೆ. ನಮ್ಮ ಮನೆಯ ಪಾತ್ರೆಗಳಿಗೆ ವರ್ಷಕ್ಕೆರಡು ಮೂರು ಸಲ ಕಲಾಯಿ ಮಾಡುತ್ತಿದ್ದವನು ಮೀರಾಸಾಬ. ಕತ್ತೆಯ ಮೇಲೆ ಬೆಂಕಿ ಊದುವ ತಿದಿ, ಇಕ್ಕಳ, ಇದ್ದಿಲಿನ ಚೀಲ ಹೇರಿಕೊಂಡು ಮೂಡಲಗಿಯ ಕಡೆಯಿಂದ ಬಂದು, ಚಾವಡಿಯ ಮುಂದಿನ ಬೇವಿನ ಮರದ ಕೆಳಗೆ ಕುಲುಮೆ ಹೂಡುತ್ತಿದ್ದ. ಆ ವರ್ಷ ಹೋಳಿಯಾದ ಮೇಲೆ ಬಂದವನು ಪಾತ್ರೆಗೆ ಮೂರಾಣೆ ಅಂದ. ತವರದ ದರ ಏರಿದೆ ಅಂದ. ಆಯಿ ಎರಡಾಣೆ ಅಂದಳು.

"ಯವ್ವಾ, ಎರಡಾಣೆಕ್ಕ ನನಗ ನವಸಾಗರದ ಪುಡಿ ಸೈತ ಬರೂದಿಲ್ರಿ."

"ಹಂಗಾರ ಬರೇ ಬೂದಿ ಹಚ್ಚಿ ತಿಕ್ಕು. ಬೂದಿ ನಾ ಕೊಡತೀನಿ."

ಸೆರಗು ಕೊಡವಿ ಆಯಿ ನಡೆದಳು. ನಾನು ತಿರುಗಿ ನೋಡುತ್ತ ಹೋದೆ. ಮೀರಾಸಾಬ ತಿದಿ ಒತ್ತುತ್ತ ನನ್ನನ್ನೇ ನೋಡಿ ನಕ್ಕ. ಕರೆಯಲಿಲ್ಲ. ಆಯಿ ಮನೆ ಮುಟ್ಟಿದಳು, ಮೀರಾಸಾಬ ಮರುದಿನ ಮೂಡಲಗಿ ಮುಟ್ಟಿದ. ಒಂದಾಣೆಯ ಅಂತರ ನಮ್ಮ ಅಡುಗೆಮನೆಯಲ್ಲಿ ಉಳಿಯಿತು.

ಸ್ವಲ್ಪ ದಿನ ಹೇಗೋ ನಡೆಯಿತು. ಆಮೇಲೊಂದು ಮಧ್ಯಾಹ್ನ ಕಟ್ಟಿನ ಸಾರು ಉಂಡು ಹೊಲಕ್ಕೆ ಹೋದ ಅಪ್ಪ ಬದುವಿನ ಮೇಲೆಯೇ ವಾಂತಿ ಮಾಡಿಕೊಂಡು, ಎತ್ತಿನ ಗಾಡಿಯಲ್ಲಿ ಮಲಗಿ ಮನೆಗೆ ಬಂದರು. ಪಾತ್ರೆಯೊಳಗೆ ಬೆರಳಾಡಿಸಿ ನೋಡಿದರೆ ಹಸಿರು. ಆಯಿಗೆ ಮಗನ ಮೇಲೆ ಜೀವ. ಆ ಸಂಜೆಯೇ ಹುಣಸೆಹಣ್ಣಿನ ಮಡಕೆಯನ್ನು ಎತ್ತಿ ಕೈಗೆಟುಕದ ನಾಗೊಂದಿಗೆಯ ಮೇಲಿಟ್ಟು ಹೇಳಿಬಿಟ್ಟಳು.

"ಕಲಾಯಿ ಆಗೂ ತನಕ ಈ ಮನ್ಯಾಗ ಹುಳಿ ಇಲ್ಲ."

ಮೂರಾಣೆಗೆ ಹೂಂ ಅನ್ನಬಹುದಿತ್ತಲ್ಲ ಎಂದು ನಿಮಗನ್ನಿಸಬಹುದು. ಆಯಿಗೆ ಅನ್ನಿಸಲಿಲ್ಲ. ಮಣ್ಣಿನ ಗಡಿಗೆಯಲ್ಲಿ ಸಾರು ಮಾಡಬಹುದಿತ್ತಲ್ಲ ಎಂದೂ ಕೇಳುವಿರಿ. ಸಾರಿನ ಗಡಿಗೆ ಯುಗಾದಿಯ ಮುಂಚೆಯೇ ಸೀಳು ಬಿಟ್ಟಿತ್ತು. ಹೊಸದು ತರಲು ಹೋದ ಆಯಿ ಕುಂಬಾರ ಕಲ್ಲವ್ವನ ಅಂಗಳದಲ್ಲಿ ಒಂದೊಂದು ಗಡಿಗೆಗೂ ಗೆಣ್ಣಿನಿಂದ ಬಡಿದು, ಕಿವಿಯಿಟ್ಟು ಕೇಳಿ, "ಇದು ಕೆಮ್ಮತೈತಿ, ಇದಕ್ಕ ನೆಗಡಿ ಐತಿ" ಅನ್ನುತ್ತ ದರ ಇಳಿಸತೊಡಗಿದಾಗ, ಕಲ್ಲವ್ವ ಎದ್ದು ನಿಂತು, "ನನ್ನ ಗಡಿಗಿಗೆ ವೈದ್ಯರು ಬ್ಯಾಡವಾ, ನೀ ಮನಿಗೆ ಹೋಗು" ಅಂದಿದ್ದಳು. ಅಲ್ಲಿಗೆ ಮಣ್ಣಿನ ದಾರಿಯೂ ಮುಚ್ಚಿತು. ಬಾಜೂಮನೆಯವರು ಒಂದು ದಿನ ಬಟ್ಟಲಲ್ಲಿ ಸಾರು ಕಳಿಸಿದರೆ, "ನಮ್ಮ ಮನ್ಯಾಗ ಒಲಿ ಆರೇತೇನು?" ಎಂದು ಆಯಿ ತಿರುಗಿಸಿ ಕಳಿಸಿದಳು.

ಆಗ ನಾವು ಉಂಡ ಊಟವನ್ನು ನೆನೆದರೆ ಇವತ್ತಿಗೂ ನನ್ನ ಗಂಟಲು ಒಣಗುತ್ತದೆ. ರೊಟ್ಟಿ, ಶೇಂಗಾಹಿಂಡಿ. ರೊಟ್ಟಿ, ಝುಣಕ. ರೊಟ್ಟಿ, ಉಪ್ಪು ಖಾರ ಹಾಕಿದ ಸಪ್ಪನೆಯ ಬೇಳೆ. ಸಾರಿಲ್ಲ, ಕಡಬಿಗೆ ಹುಳಿಯಿಲ್ಲ, ಮಜ್ಜಿಗೆಯ ಪಳದ್ಯವಿಲ್ಲ. ನುಚ್ಚನ್ನು ಹಾಲಿನಲ್ಲಿ ಕಲೆಸಿಕೊಂಡು, ಜಡ್ಡಾದವರ ಹಾಗೆ ಉಂಡೆವು. ಅಪ್ಪ ಪ್ರತಿ ತುತ್ತಿಗೂ ನೀರು ಕುಡಿಯುತ್ತಿದ್ದರು. ನಾನು ಹಟ ಹಿಡಿದು ಅತ್ತರೆ ಆಯಿಯ ಉತ್ತರ ಒಂದೇ.

"ಅವ ಬರತಾನ. ಎಲ್ಲಿ ಹೋಗತಾನ? ಎರಡಾಣೆಕ್ಕ ಬರತಾನ."

ಇಂಥ ಕಾಲದಲ್ಲಿ ಅವ್ವ ಬಸುರಿಯಾದಳು. ಆಕೆಯ ಬಾಯಿ ಬೇಡಿದ್ದು ಹೋಳಿಗೆಯನ್ನಲ್ಲ, ಮಂಡಿಗೆಯನ್ನಲ್ಲ. ಬಿಸಿ ಹುಣಸೆಯ ಸಾರು. ನಾನು ಸಾಲಿಯಿಂದ ಬರುವಾಗ ಬದುವಿನ ಗಿಡದ ಹುಣಸೆಕಾಯಿ ಆರಿಸಿ ತಂದು ಕೊಡುತ್ತಿದ್ದೆ. ಉಪ್ಪು ಹಚ್ಚಿಕೊಂಡು ತಿನ್ನುತ್ತಿದ್ದಳು. ತಿಂದು, ಇದಲ್ಲ ಅನ್ನುವ ಹಾಗೆ ತಲೆಯಾಡಿಸುತ್ತಿದ್ದಳು. ಉಣ್ಣಲು ಕೂತರೆ ರೊಟ್ಟಿ ಮುರಿದು ಮುರಿದು ತಾಟಿನಲ್ಲಿಯೇ ಬಿಡುತ್ತಿದ್ದಳು. ಕೈಬಳೆಗಳು ಮೊಣಕೈ ತನಕ ಜಾರತೊಡಗಿದ್ದವು. ಒಂದು ದಿನ ಆಕೆ ಬರಿದಾದ ಸಾರಿನ ಭೋಗುಣಿಯನ್ನು ಮೂಗಿನ ಹತ್ತಿರ ಹಿಡಿದು ಉಸಿರೆಳೆದುಕೊಳ್ಳುತ್ತಿದ್ದುದನ್ನು ನೋಡಿದೆ. ನನ್ನನ್ನು ಕಂಡು ಭೋಗುಣಿಯನ್ನು ಬೋರಲು ಹಾಕಿದಳು.

ಅಪ್ಪನಿಗೆ ಹೇಳಿದಳು. ಅಪ್ಪ ಬಾರುಕೋಲು ಹುಡುಕಿದರು.

"ನಾ ಏನ್ ಹೇಳಲಿ? ಆಕಿ ಕೇಳಾಕಿ ಅಲ್ಲ. ಮೀರಾಸಾಬ ಬರಲಿ, ಆಗತೈತಿ."

ಮಳೆ ಬಿದ್ದ ಮೇಲೆ ಮೀರಾಸಾಬ ಬಂದ. ಊರೆಲ್ಲ ಪಾತ್ರೆ ಹೊತ್ತು ಚಾವಡಿಗೆ ಓಡಿತು. ಬೇವಿನ ಮರದ ಕೆಳಗೆ ಬಿಳಿ ಹೊಗೆ ಎದ್ದಿತು. ಆಯಿ ಕಟ್ಟೆಯ ಮೇಲೆ ಮೊರ ಹಿಡಿದು ಜೋಳ ಹಸನು ಮಾಡುತ್ತ ಕೂತಳೇ ಹೊರತು ಅತ್ತ ಹೆಜ್ಜೆಯಿಡಲಿಲ್ಲ. ದಿನಗಳು ಕಳೆದವು. ಎಲ್ಲರ ಪಾತ್ರೆಗಳೂ ಬೆಳ್ಳಿಯ ಹಾಗೆ ಹೊಳೆಯುತ್ತ ನಮ್ಮ ಮನೆಯ ಮುಂದಿನಿಂದಲೇ ಹೋದವು. ಯಾವ ಮನೆಯಿಂದ ಹುಳಿ ಒಗ್ಗರಣೆಯ ವಾಸನೆ ಬಂದರೂ ಅವ್ವ ಕೆಲಸ ನಿಲ್ಲಿಸಿ ನಿಲ್ಲುತ್ತಿದ್ದಳು.

"ಅವ ತಿದಿ ಕಟ್ಟೂ ಹೊತ್ತಿಗೆ ಹೋಗಬೇಕು" ಎಂದು ಆಯಿ ನನಗೆ ಪಾಠ ಹೇಳಿದಳು. "ಕತ್ತಿ ಮ್ಯಾಲೆ ಸಾಮಾನ ಹೇರಾಕತ್ತಿರತಾನ ನೋಡು, ಆಗ ಸಿಕ್ಕಷ್ಟ ಬರಲಿ ಅನಸತೈತಿ."

ಮೀರಾಸಾಬ ಹೊರಡುವ ದಿನ ಮುಂಜಾನೆ ಅವ್ವ ಅಡುಗೆಮನೆಯಿಂದ ಬಂದು ಆಯಿಯ ಮುಂದೆ ನಿಂತಳು. ತಲೆಯ ಮೇಲೆ ಸೆರಗಿತ್ತು, ದನಿ ಸಣ್ಣಗಿತ್ತು.

"ಅತ್ತ್ಯಾರ, ಇವತ್ತ ಮೂರಾಣೆಕ್ಕ ಹೂಂ ಅನ್ರಿ."

"ಯಾಕ? ನಿಮ್ಮಪ್ಪ ಹುಕ್ಕೇರಿಯಿಂದ ಕಳಿಸ್ಯಾನೇನು ಆಣೆ?"

"ನನ್ನ ಕಡಿಂದ ಉಣ್ಣೂದ ಆಗವಲ್ದು. ಅವ ಇವತ್ತ ಹೋದ್ರ ಮತ್ತ ದಸರಾಕ್ಕ ಬರೂದು."

"ಹೋಗೂದಿಲ್ಲ ಅವ. ಎರಡಾಣೆಕ್ಕ ಬರತಾನ."

"ಬರದಿದ್ರ?"

"ಬರದಿದ್ರ ಇಲ್ಲ."

ಅವ್ವ ತಲೆಯ ಸೆರಗು ಬಿಗಿ ಮಾಡಿಕೊಂಡಳು. ಆಮೇಲೆ, ಬೆಲೆ ಹೇಳುವವರ ಹಾಗೆ ಒಂದೇ ಮಾತು ಹೇಳಿದಳು.

"ಹಂಗಾರ ನಾ ತವರಮನಿಗೆ ಹೊಂಟೇನ್ರಿ."

ಆಯಿ ಮೊರದಿಂದ ಕಣ್ಣೆತ್ತಲಿಲ್ಲ. ಗೋಕಾಕದ ಅಂಗಡಿಗಳಲ್ಲಿ ಅನ್ನುವ ದನಿಯಲ್ಲಿಯೇ ಅಂದಳು:

"ಹೋಗವಾ ಹೋಗ. ದಾರಿ ಐತಿ, ಮೋಟಾರ ಐತಿ."

ಅವ್ವ ಎರಡು ಸೀರೆಗಳನ್ನು ಗಂಟು ಕಟ್ಟಿದಳು, ನನ್ನ ಕೈ ಹಿಡಿದಳು, ಹೊಸ್ತಿಲು ದಾಟಿದಳು. ಮೋಟಾರು ನಿಲ್ಲುತ್ತಿದ್ದುದು ಊರ ಹೊರಗಿನ ಆಲದ ಮರದ ಹತ್ತಿರ. ಅಲ್ಲಿಂದ ಗೋಕಾಕ, ಗೋಕಾಕದಿಂದ ಹುಕ್ಕೇರಿ. ಓಣಿಯಲ್ಲಿ ನಾಲ್ಕು ಹೆಜ್ಜೆ ನಡೆದ ಮೇಲೆ ಅವ್ವ ಮೆಲ್ಲಗೆ ಕೇಳಿದಳು.

"ಪಾರಿ, ಏನ ಮಾಡಾಕತ್ತಾಳ?"

ಈ ಕೆಲಸ ನನಗೆ ಗೊತ್ತಿತ್ತು. ಆದರೆ ಈ ಸಲ ಅಂಗಡಿಯಲ್ಲಿ ಕೂತವಳು ಆಯಿ! ತಿರುಗಿ ನೋಡಿದೆ.

"ಜ್ವಾಳ ಹಸನ ಮಾಡಾಕತ್ತಾಳ."

"ನಮ್ಮ ಕಡೆ ನೋಡಾಕತ್ತಾಳೇನು?"

"ಇಲ್ಲ. ಮೊರಾ ನೋಡಾಕತ್ತಾಳ. ಅವ್ವಾ, ಮೊರದಾಗ ಜ್ವಾಳನ ಇಲ್ಲ, ಎಲ್ಲಾ ಕೆಳಗ ಬಿದ್ದಾವ."

ಅವ್ವನ ಹೆಜ್ಜೆಗಳು ಸಣ್ಣವಾದವು. ನಾನು ಹೇಳಿಕೊಡಲಿಲ್ಲ. ಇಷ್ಟು ವರ್ಷ ಬಾಗಿಲ ಹಿಂದೆ ನಿಂತು ನಮ್ಮ ಪೇಟೆಯ ಮಾತು ಕೇಳಿ ಕೇಳಿ ಕಲಿತಿದ್ದಳೆಂದು ಕಾಣುತ್ತದೆ. ಓಣಿಯ ತಿರುವಿನಲ್ಲಿ ನಾನು ಮತ್ತೊಮ್ಮೆ ಹೊರಳಿ ನೋಡಿದೆ. ಕಟ್ಟೆ ಬರಿದಾಗಿತ್ತು. ಮೊರ ಮಾತ್ರ ಬಿದ್ದಿತ್ತು.

"ಅವ್ವಾ... ಒಳಗ ಹೋದ್ಲು."

ಅದರ ಅರ್ಥ ನಮಗಿಬ್ಬರಿಗೂ ಗೊತ್ತಿತ್ತು. ಅವ್ವ ನನ್ನ ಕೈಯನ್ನು ನೋಯುವಷ್ಟು ಬಿಗಿಯಾಗಿ ಹಿಡಿದಳು. ಕಣ್ಣಲ್ಲಿ ನೀರು ತುಂಬಿತು. ಈಗ ಆಕೆಯ ಹೆಜ್ಜೆಗಳು ಸಣ್ಣವಾಗಿರಲಿಲ್ಲ. ಆಟವಾಗಿ ಶುರುವಾಗಿತ್ತೋ ಏನೋ ನಾನರಿಯೆ, ತಿರುವು ದಾಟಿದ ಮೇಲೆ ಆಕೆ ಖರೆಯಾಗಿಯೇ ಹೊರಟಿದ್ದಳು.

ದಾರಿ ಚಾವಡಿಯ ಮುಂದೆಯೇ, ಆಲದ ಮರ ಅಲ್ಲಿಂದ ಕೂಗಿದರೆ ಕೇಳುವಷ್ಟು ದೂರ. ಮೀರಾಸಾಬ ತಿದಿ ಸುತ್ತುತ್ತಿದ್ದ. ಕತ್ತೆ ಬೇವಿನ ಬುಡದಲ್ಲಿ ನಿಂತಿತ್ತು. ಚಾವಡಿಯ ಕಟ್ಟೆಯ ಮೇಲೆ ಮುದುಕರು ಕೂತಿದ್ದರು. ಅವನು ಗಂಟು ಹೊತ್ತ ಅವ್ವನನ್ನು ನೋಡಿದ, ಆಕೆಯ ಕಣ್ಣೀರು ನೋಡಿದ, ಆಮೇಲೆ ಕುತ್ತಿಗೆ ಹಿಂದಕ್ಕೆ ಹೊರಳಿಸಿದ್ದ ನನ್ನನ್ನು ನೋಡಿದ. ಅವನ ಕೈಯಿಂದ ತಿದಿ ಕೆಳಗೆ ಬಿತ್ತು.

"ಯಾ ಅಲ್ಲಾ! ಈ ಸಲ ಸೊಸಿನ್ನ ಕಳಿಸ್ಯಾಳ ನೋಡ್ರೋ ಮುದುಕಿ!"

ಮುದುಕರೆಲ್ಲ ತಿರುಗಿದರು.

"ಏನಂದ್ರಿ?" ಅಂದಳು ಅವ್ವ.

"ನನಗ ತಿಳಿಯೂದಿಲ್ಲೇನ್ರಿ ತಂಗಿ? ಈ ಹುಡುಗಿ ಹಿಂದ ನೋಡೂದು ಕಂಡ ಕೂಡಲೇ ತಿಳೀತು. ಬಸುರಿ ಹೆಣಮಗಳನ್ನ ಗಂಟ ಹೊರಸಿ ನನ್ನ ಮುಂದ ಹಾಯಸ್ಯಾಳ, ನನ್ನ ಕರಳ ಕರಗಲಿ ಅಂತ. ಕರಗೇತಿ, ಆತ? ಎರಡಾಣೆಕ್ಕ ಮಾಡತೀನಿ. ಪಾತ್ರೆ ತರ್ರಿ. ಈ ಮುದುಕಿ ಕೂಡ ನನ್ನ ಕಡಿಂದ ಆಗೂದಿಲ್ಲ."

ಅವ್ವನಿಗೆ ಬೇಕಾಗಿದ್ದುದು ಸಾರು. ಅದು ಕೈಗೆ ಬಂದಿತ್ತು. ಆಕೆ ಹೂಂ ಅಂದು ಮನೆಗೆ ಹಿಂದಿರುಗಿದ್ದರೆ ಕಥೆ ಮುಗಿಯುತ್ತಿತ್ತು. ಆದರೆ ಅವ್ವನ ಮುಖ ಕೆಂಪಾಯಿತು. ಗಂಟನ್ನು ಕಂಕುಳಿಂದ ಕಂಕುಳಿಗೆ ಬದಲಿಸಿದಳು.

"ಇಲ್ರಿ ಸಾಹೇಬ್ರ. ಮೂರಾಣೆ ತಗೊಳ್ರಿ."

"ಆಂ?"

"ನಿಮ್ಮ ದರ ಮೂರಾಣೆ ಅಲ್ಲೇನ್ರಿ? ಮೂರಾಣೆ."

"ಎರಡ ಸಾಕ್ರಿ ತಂಗಿ. ನಾ ಸಂತೋಷದಿಂದ ಹೇಳಾಕತ್ತೇನಿ."

"ಬ್ಯಾಡ್ರಿ. ನಾ ಆಟಾ ಆಡಾಕ ಬಂದಿಲ್ಲ, ಖರೇನ ಹೊಂಟೇನಿ. ಇವತ್ತ ನಾ ಹೊಂಟದ್ದಕ್ಕ ಆಣೆ ಕಡಿಮಿ ಆತಂದ್ರ, ನಾಳಿ ಖಣಕ್ಕ ಹೊಂಡು ಅಂತಾರ, ನಾಡದು ಕಂದೀಲ ಗಾಜಿಗೆ ಹೊಂಡು ಅಂತಾರ."

"ಹಂಗಾರ ಎರಡೂವರಿ ಮಾಡ್ರಿ, ನಿಮ್ಮದೂ ಬ್ಯಾಡ ನನ್ನದೂ ಬ್ಯಾಡ."

"ಮೂರು. ಕಡಿಮಿ ಅಂದ್ರ ಒಂದ ಪಾತ್ರೆ ಕೊಡೂದಿಲ್ಲ."

ಕಟ್ಟೆಯ ಮೇಲಿನ ಒಬ್ಬ ಮುದುಕ ಬಾಯೊಳಗಿನ ತಂಬಾಕು ಉಗುಳಿ, "ಇಂಥಾ ವ್ಯಾಪಾರ ನಾ ಹುಟ್ಟಿ ಕಂಡಿಲ್ಲ ಬಿಡಪಾ" ಅಂದ. ಇನ್ನೊಬ್ಬ ನಗು ತಡೆಯಲಾರದೆ ಟೊಪ್ಪಿಗೆಯಲ್ಲಿ ಮುಖ ಮುಚ್ಚಿಕೊಂಡ.

ಅಷ್ಟರಲ್ಲಿ ಓಣಿಯ ಕಡೆಯಿಂದ ಖಣಖಣ ಸಪ್ಪಳ ಬಂತು. ಆಯಿ! ತಲೆಯ ಮೇಲೆ ಬುಟ್ಟಿ, ಬುಟ್ಟಿಯ ತುಂಬ ಕಪ್ಪಿಟ್ಟ ಪಾತ್ರೆಗಳು, ಕಾಲಲ್ಲಿ ಚಪ್ಪಲಿಯಿಲ್ಲ, ಸೆರಗು ನೆಲದ ಮೇಲೆ. ಒಳಗೆ ಹೋದವಳು ಪಾತ್ರೆ ತುಂಬಿಕೊಳ್ಳುವುದಕ್ಕೆ ಹೋಗಿದ್ದಳು. ಸೊಸೆಯನ್ನು ಹಿಡಿಯುವುದಕ್ಕೆ ಓಡಿ ಬಂದಳೋ, ಮೀರಾಸಾಬ ತಿದಿ ಕಟ್ಟುವ ಹೊತ್ತಾಯಿತೆಂದು ಓಡಿ ಬಂದಳೋ, ಆಮೇಲೆ ಎಷ್ಟು ಸಲ ಕೇಳಿದರೂ ಆಕೆ ನನಗೆ ನೆಟ್ಟಗೆ ಹೇಳಲಿಲ್ಲ. ಬಂದವಳ ಕಿವಿಗೆ ಮೊದಲು ಬಿದ್ದದ್ದು ಮೀರಾಸಾಬನ "ಎರಡೂವರಿ", ಅದರ ಹಿಂದೆಯೇ ಅವ್ವನ "ಮೂರು".

"ಏ! ಏನ ನಡಸೀರಿ ಇಲ್ಲಿ? ಆತ ಇಳಸಾಕತ್ತಾನ, ನೀ ಏರಸಾಕತ್ತೀ! ತಲಿ ನೆಟ್ಟಗೈತೇನು ನಿಂದು?"

ಅವ್ವ ನನ್ನ ಕೈ ಹಿಡಿದು ಆಲದ ಮರದ ಕಡೆ ನಡೆದಳು. ದೂರದಲ್ಲಿ ಮೋಟಾರಿನ ಹಾರ್ನು ಕೇಳಿಸಿತು.

"ಏ, ನಿಂದರ" ಅಂದಳು ಆಯಿ ಹಿಂದಿನಿಂದ.

ಅವ್ವ ತಿರುಗಲಿಲ್ಲ. ಅದು ಬರೀ ಮರ್ಯಾದೆಯ ಕರೆ.

"ಏ ಹುಡುಗೀ, ನಿನಗ ಅನ್ನಾಕತ್ತೇನಿ!"

ಅವ್ವ ತಿರುಗಲಿಲ್ಲ. ಆಕೆ ನನ್ನನ್ನು ಏನೂ ಕೇಳಲಿಲ್ಲ. ಆದರೂ ನಾನು ನನ್ನ ಕೆಲಸ ಮಾಡಿದೆ. ಬುಟ್ಟಿಯನ್ನು ಕೆಳಗಿಟ್ಟು ನಿಂತಿದ್ದ ಆಯಿ ಆ ದಿನ ನನ್ನ ಕಣ್ಣಿಗೆ ಬಹಳ ಸಣ್ಣವಳಾಗಿ ಕಂಡಳು. ಆಕೆ ಪಾತ್ರೆಗಳನ್ನು ನೋಡುತ್ತಿರಲಿಲ್ಲ, ಮೀರಾಸಾಬನನ್ನು ನೋಡುತ್ತಿರಲಿಲ್ಲ. ನಮ್ಮನ್ನೇ, ಕಣ್ಣು ಪಿಳುಕಿಸದೆ ನೋಡುತ್ತಿದ್ದಳು. ಅವಳದೇ ಕಾನೂನಿನ ಪ್ರಕಾರ ಅದರರ್ಥ, ಇನ್ನೂ ಹೊತ್ತು ಬೇಕು. ಮೋಟಾರು ಹಳ್ಳದ ಏರು ಹತ್ತುತ್ತಿತ್ತು. ಹೊತ್ತು ಇರಲಿಲ್ಲ.

"ನೀಲವ್ವಾ..."

ಅವ್ವನ ಹೆಸರು ಆಯಿಗೆ ಗೊತ್ತಿದೆ ಎಂದೇ ನನಗೆ ಗೊತ್ತಿರಲಿಲ್ಲ.

"ನೀಲವ್ವಾ, ಮೂರಾಣೆ ಆತು. ಬಾ."

ಅವ್ವ ನಿಂತಳು. ದರ ಹೇಳಿ ಕರೆದಿದ್ದಳಲ್ಲ! ಆದರೂ ಕೂಡಲೇ ತಿರುಗಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, ಮೋಟಾರು ನಮ್ಮ ಮುಂದೆ ಬಂದು ನಿಂತು, ಕಂಡಕ್ಟರು ಕೇಳಿ, ಇಲ್ಲವೆಂದು ತಲೆಯಾಡಿಸಿ, ಅದು ಧೂಳೆಬ್ಬಿಸಿ ಹೋದ ಮೇಲೆ ತಿರುಗಿದಳು. ಆ ಧೂಳಿನಲ್ಲಿ ಆಯಿ, ಅಷ್ಟರಲ್ಲಿ ಕಟ್ಟೆಯ ಮುದುಕರಿಂದ ಎಲ್ಲ ಕೇಳಿ ತಿಳಿದು, ಕೆಮ್ಮುತ್ತ ಮೀರಾಸಾಬನ ಮೇಲೆ ಹರಿಹಾಯುತ್ತಿದ್ದಳು.

"ಇಲ್ಲದ ಮಾತ ಆಡಿ ನನ್ನ ಮನಿ ದರ ಏರಿಸಿದೆಲ್ಲೋ! ಸೊಸಿನ್ನ ಕಳಸಾಕ ನಾ ಏನ್ ಬುದ್ಧಿಗೇಡಿ ಏನು? ಕಳಸಾಂಗಿದ್ರ ಮೊದಲ ದಿನಾನ ಕಳಸತಿದ್ದಿಲ್ಲೇನು?"

ಮೀರಾಸಾಬ ಕುಲುಮೆ ಮತ್ತೆ ಹೂಡಿದ. ಪಾತ್ರೆ ಕಾಯಿಸಿ, ನವಸಾಗರದ ಪುಡಿ ಚೆಲ್ಲಿ, ತವರ ಮುಟ್ಟಿಸಿ, ಹತ್ತಿಯಿಂದ ಒಂದು ಸುತ್ತು ಒರೆಸಿದರೆ ಕರಿ ಪಾತ್ರೆಯೊಳಗೆ ಚಂದ್ರ ಹುಟ್ಟಿದ ಹಾಗೆ ಬೆಳಕು ಏಳುತ್ತಿತ್ತು. ಅವ್ವ ಮತ್ತು ಆಯಿ ಒಂದೇ ಕಲ್ಲಿನ ಮೇಲೆ, ಒಬ್ಬರ ಮುಖ ಮೂಡಲಕ್ಕೆ ಇನ್ನೊಬ್ಬರದು ಪಡುವಲಕ್ಕೆ ಮಾಡಿ ಕೂತಿದ್ದರು. ಎಲ್ಲ ಮುಗಿದ ಮೇಲೆ ಆಯಿ ಒಂದೊಂದು ಆಣೆಯನ್ನೂ ಹಲ್ಲು ಕಿತ್ತು ಕೊಡುವವಳ ಹಾಗೆ ಎಣಿಸಿದಳು. ಮೀರಾಸಾಬ ರೊಕ್ಕ ಕಟ್ಟಿಕೊಂಡು ಏಳುವಷ್ಟರಲ್ಲಿ, ಆಕೆ ಉಡಿಯೊಳಗಿಂದ ಕಪ್ಪಾದ ಹಿತ್ತಾಳೆಯ ಸೌಟೊಂದನ್ನು ತೆಗೆದಳು.

"ಇದು?"

"ಇದು ಕೊಸರ."

"ಇಷ್ಟೊತ್ತು ಎಲ್ಲಿ ಇಟ್ಟಿದ್ರಿ ಯವ್ವಾ ಇದನ್ನ!" ಎಂದು ಮೀರಾಸಾಬ ಬಿದ್ದು ಬಿದ್ದು ನಕ್ಕ. ನಗುತ್ತಲೇ ಸೌಟಿನ ಒಳಹೊರಗೆ ಕಲಾಯಿ ಎಳೆದು ಕೊಟ್ಟ.

ಅಂದು ಸಂಜೆ ಒಲೆಯ ಮುಂದೆ ಆಯಿಯೇ ಕೂತಳು. ನಾಗೊಂದಿಗೆಯಿಂದ ಹುಣಸೆಯ ಮಡಕೆ ಇಳಿಯಿತು. ಮೆಂತ್ಯ, ಬೆಳ್ಳುಳ್ಳಿ, ಕರಿಬೇವಿನ ಒಗ್ಗರಣೆ ಚುರ್ರೆಂದಾಗ ಅಪ್ಪ ಎತ್ತುಗಳನ್ನು ಬಿಟ್ಟು ಹೊತ್ತಿಗೆ ಮುಂಚೆಯೇ ಮನೆಗೆ ಬಂದರು. ತಾಟಿನ ಮುಂದೆ ಕೂತು, ಒಂದು ಗುಟುಕು ಹೀರಿ, ಕಣ್ಣು ಮುಚ್ಚಿ, "ಕಲಾಯಿ ಆತೇನು? ಆಗತೈತಿ ಅಂತ ನಾ ಹೇಳಿರಲಿಲ್ಲೇನು?" ಅಂದರು. ಆಯಿಯೂ ಅವ್ವನೂ ಒಟ್ಟಿಗೇ ಅವರತ್ತ ನೋಡಿದ ನೋಟಕ್ಕೆ ಅಪ್ಪ ಮತ್ತೆ ತಲೆಯೆತ್ತಲಿಲ್ಲ. ಆ ಇಬ್ಬರೂ ಒಂದೇ ಕಡೆಗೆ ನೋಡಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಅವ್ವ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಕುಡಿದಳು. ಆಯಿ ಒಲೆಯ ಹತ್ತಿರದಿಂದ ಕದ್ದು ಕದ್ದು ನೋಡುತ್ತಿದ್ದಳು.

"ಹೆಂಗ ಆಗೇತಿ?"

"ಇನ್ನೊಂಚೂರ ಹುಳಿ ಇರಬೇಕಾಗಿತ್ತು."

"ಮೂರಾಣೆದ ಹುಳಿ ಅದು. ಸಾವಕಾಶ ಉಣ್ಣು."

ಅವ್ವ ಬಟ್ಟಲು ಬರಿದು ಮಾಡಿ ಕೆಳಗಿಟ್ಟಳು. ಆಯಿ ಭೋಗುಣಿಯನ್ನು ಎತ್ತಿಕೊಂಡು ಬಂದು, ಆ ಬಿಳಿ ಸೌಟಿನಿಂದ ಮತ್ತೊಂದು ಸೌಟು ಸಾರನ್ನು, ಕೇಳದೆಯೇ, ಬಟ್ಟಲಿನ ಅಂಚು ಮುಟ್ಟುವಷ್ಟು ಸುರಿದಳು.

"ಸಾಕ್ರಿ ಅತ್ತ್ಯಾರ."

"ಸುಮ್ನ ಉಣ್ಣು, ನೀಲವ್ವಾ. ಇದು ಕೊಸರ."